ಮಾಂಡದಿಂದ ಗ್ರಾಮಸಭೆಗೆ: ಕಾಳಿ ಕೊಳ್ಳದ ಕುಣಬಿ ಗ್ರಾಮವ್ಯವಸ್ಥೆಯ ಚರಿತ್ರೆ

ಪ್ರವೇಶಿಕೆ

ದಾಂಡೇಲಿ ಪಟ್ಟಣದ ಸಮೀಪ ಕಾಳಿ ನದಿಯ ದಂಡೆಯಲ್ಲಿರುವ ಮೌಳಂಗಿಯಲ್ಲಿ ಹೊಳೆಯ ನೀರು ಏರುವುದಕ್ಕೂ ಇಳಿಯುವುದಕ್ಕೂ ಈಗ ಮಳೆಯೊಂದೇ ಕಾರಣವಲ್ಲ. ಮೇಲಣ ಗಣೇಶಗುಡಿಯ ಸೂಪಾ ಅಣೆಕಟ್ಟಿನಿಂದ ವಿದ್ಯುತ್ ಉತ್ಪಾದನೆಗಾಗಿ ಎಷ್ಟು ನೀರು ಬಿಡಲಾಗುತ್ತದೆ ಎಂಬುದರ ಮೇಲೆ ಇಲ್ಲಿನ ಹೊಳೆಯ ಮಟ್ಟ ನಿಲ್ಲುತ್ತದೆ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿಯು ಸಹ್ಯಾದ್ರಿಯ ದಟ್ಟ ಕಾಡುಗಳ ನಡುವೆ ಹರಿದು, ಸೂಪಾ ಜಲಾಶಯದಲ್ಲಿ ನಿಂತು, ದಾಂಡೇಲಿಯನ್ನು ದಾಟಿ ಕಾರವಾರದ ಬಳಿ ಸಮುದ್ರವನ್ನು ಸೇರುತ್ತದೆ. ಈ ನದಿಯ ಮೇಲ್ಕೊಳ್ಳದ ಕಾಡುಹಳ್ಳಿಗಳಲ್ಲಿ ಬಹುಕಾಲದಿಂದ ನೆಲೆಸಿರುವ ಸಮುದಾಯಗಳಲ್ಲಿ ಕುಣಬಿಗಳು ಪ್ರಮುಖರು. ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಅರಣ್ಯಪ್ರದೇಶದಲ್ಲಿ ಸಿದ್ದಿ, ಗೌಳಿ ಮೊದಲಾದ ಸಮುದಾಯಗಳೂ ಇವೆ. ಆದರೆ ಜೋಯಿಡಾದ ಒಳನಾಡಿನ ಹಳ್ಳಿಗಳ ಬದುಕಿಗೆ ಅದರ ವಿಶಿಷ್ಟ ಚಹರೆಯನ್ನು ಕೊಟ್ಟವರು ಕುಣಬಿಗಳು ಎನ್ನಬಹುದು.

ಕುಣಬಿಗಳ ಕುಣಿತ, ಉಡುಗೆ ಮತ್ತು ಆಹಾರಪದ್ಧತಿಗಳ ಕುರಿತು ಸಾಕಷ್ಟು ಬರೆಯಲಾಗಿದೆ. ಅವರ ಗ್ರಾಮವ್ಯವಸ್ಥೆಯ ಕುರಿತು ಬರೆದುದು ಕಡಿಮೆ. ಒಂದು ಊರು ಯಾರಿಂದ ನೆಲೆಗೊಂಡಿತು, ಅದರ ಎಲ್ಲೆ ಯಾವುದು, ಊರಿನ ಮಾತನ್ನು ಯಾರು ನಡೆಸುತ್ತಾರೆ ಎಂಬ ಪ್ರಶ್ನೆಗಳಿಗೆ ಕುಣಬಿ ಸಮಾಜವು ತನ್ನದೇ ಆದ ಉತ್ತರಗಳನ್ನು ಆಚರಣೆ, ಮನೆತನದ ಹೆಸರು ಮತ್ತು ಸ್ಥಳಗಳ ನೆನಪಿನಲ್ಲಿ ಕಾಪಾಡಿಕೊಂಡು ಬಂದಿದೆ. ಇದೇ ಪ್ರಶ್ನೆಗಳಿಗೆ ಸರ್ಕಾರವು ಕಾಗದಪತ್ರಗಳಲ್ಲಿ ಉತ್ತರ ಹುಡುಕುತ್ತದೆ. ಈ ಎರಡು ಬಗೆಯ ಜ್ಞಾನಗಳ ನಡುವಣ ಅಂತರವು ಕಳೆದ ಒಂದೂವರೆ ಶತಮಾನದ ಕುಣಬಿ ಚರಿತ್ರೆಯನ್ನು ರೂಪಿಸಿದೆ. 2006ರ ಅರಣ್ಯ ಹಕ್ಕುಗಳ ಕಾಯ್ದೆಯ ನಂತರ ಈ ಅಂತರವನ್ನು ತುಂಬುವ ಕೆಲಸದಲ್ಲಿ ಜಾನಪದ ಅಧ್ಯಯನಕ್ಕೂ ಒಂದು ಹೊಣೆ ಒದಗಿ ಬಂದಿದೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವೇಚಿಸಲಾಗಿದೆ.

ಹೆಸರು ಮತ್ತು ನೆಲೆ

‘ಕುಣಬಿ’ ಎಂಬ ಹೆಸರೇ ಹಲವು ಗೊಂದಲಗಳಿಗೆ ಎಡೆಮಾಡಿಕೊಟ್ಟಿದೆ. ಮಹಾರಾಷ್ಟ್ರದಲ್ಲಿ ಇದೇ ಹೆಸರಿನ ವಿಶಾಲವಾದ ಕೃಷಿಕ ಸಮುದಾಯವಿದೆ. ಬಯಲುಸೀಮೆಯ ಆ ಒಕ್ಕಲಿಗರಿಗೂ ಸಹ್ಯಾದ್ರಿಯ ನೆತ್ತಿಯ ಮೇಲೆ ಕುಮ್ರಿ ಬೇಸಾಯ ಮಾಡಿ ಬದುಕಿದ ಕೊಂಕಣಿ ಮಾತಿನ ಈ ಕುಣಬಿಗಳಿಗೂ ಹೆಸರಿನ ಸಾಮ್ಯವಿದೆಯೇ ಹೊರತು ಜೀವನಕ್ರಮದ ಸಾಮ್ಯವಿಲ್ಲ. ಜೋಯಿಡಾದ ಕುಣಬಿಗಳನ್ನು ಹೋಲಿಸಬೇಕಾದದ್ದು ಗಡಿಯಾಚೆಯ ಗೋವೆಯ ಸಾಂಗೆ, ಕೆಪೆ, ಕಾಣಕೋಣ ತಾಲೂಕುಗಳ ಕುಣಬಿ, ಗಾವಡಾ ಮತ್ತು ವೇಳಿಪ ಸಮುದಾಯಗಳೊಡನೆ. ಮಾತು, ದೈವಗಳು, ಹೋಳಿಯ ಕಾಲದ ಶಿಗ್ಮೊ ಆಚರಣೆ, ಹೆಂಗಸರ ಫುಗಡಿ, ಭುಜದ ಮೇಲೆ ಗಂಟು ಹಾಕಿ ಉಡುವ ಚೌಕುಳಿ ಸೀರೆ ಇವುಗಳಲ್ಲಿ ಎರಡೂ ಕಡೆಯ ಜನರ ನಡುವೆ ನಿಕಟವಾದ ಸಂಬಂಧ ಕಂಡುಬರುತ್ತದೆ. ಗಾವಡಾ, ವೇಳಿಪ ಮುಂತಾದ ಹೆಸರುಗಳು ಜೋಯಿಡಾದಲ್ಲಿ ಮನೆತನಗಳ ಅಡ್ಡಹೆಸರುಗಳಾಗಿ ಬಳಕೆಯಲ್ಲಿವೆ.

ಕುಣಬಿಗಳು ಗೋವೆಯಿಂದ ಪೋರ್ತುಗೀಜರ ಮತಾಂತರದ ಕಾಟಕ್ಕೆ ಅಂಜಿ ಘಟ್ಟವೇರಿ ಬಂದವರು ಎಂಬ ಹೇಳಿಕೆಯು ಮೌಖಿಕ ಪರಂಪರೆಯಲ್ಲಿಯೂ ಬರಹಗಳಲ್ಲಿಯೂ ಪ್ರಚಲಿತವಾಗಿದೆ. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದದ್ದು, 1560ರಲ್ಲಿ ಅಲ್ಲಿ ಧರ್ಮನ್ಯಾಯಾಲಯ ಆರಂಭವಾದದ್ದು ಐತಿಹಾಸಿಕ ಸಂಗತಿಗಳು. ಆ ಕಾಲದಲ್ಲಿ ಅನೇಕ ಸಮುದಾಯಗಳು ಪೋರ್ತುಗೀಜ್ ಆಳ್ವಿಕೆಯ ಹೊರಗಿನ ಪ್ರದೇಶಗಳಿಗೆ ಸರಿದದ್ದೂ ನಿಜ. ಆದರೆ ಈ ಒಂದೇ ಕಥನದಿಂದ ಎಲ್ಲ ಕುಣಬಿ ಊರುಗಳ ಮೂಲವನ್ನು ವಿವರಿಸಲು ಬರುವುದಿಲ್ಲ. ಇಂದು ಗೋವೆಗೆ ಸೇರಿರುವ ಕಾಣಕೋಣ ಮೊದಲಾದ ಪ್ರದೇಶಗಳು ಹದಿನೆಂಟನೆಯ ಶತಮಾನದ ಮಧ್ಯಭಾಗದವರೆಗೂ ಸೋದೆಯ ಅರಸರ ಆಳ್ವಿಕೆಯಲ್ಲಿದ್ದವು. ಸೂಪಾ ಸೀಮೆಯೂ ಅದೇ ಅರಸರ ನಾಡು. 1763ರ ಸುಮಾರಿಗೆ ಹೈದರಾಲಿಯ ಸೈನ್ಯವು ಸೋದೆಯನ್ನು ವಶಪಡಿಸಿಕೊಂಡಾಗ ಅರಸನು ಗೋವೆಯಲ್ಲಿ ಆಶ್ರಯ ಪಡೆದನು. ಘಟ್ಟದ ಕೆಳಗಿನ ಅವನ ಸೀಮೆಗಳು ಪೋರ್ತುಗೀಜರ ಕೈಗೆ ಸೇರಿ ‘ಹೊಸ ಗೆಲುವಿನ’ ಪ್ರದೇಶಗಳಾದವು.

ಹೀಗಾಗಿ ಕುಣಬಿಗಳ ನೆಲದ ನಡುವೆ ಗಡಿರೇಖೆ ಎಳೆಯಲ್ಪಟ್ಟದ್ದು ಅವರು ಅಲ್ಲಿ ನೆಲೆಸಿದ ಬಹುಕಾಲದ ನಂತರ. ಒಂದೇ ಅರಸೊತ್ತಿಗೆಯ ಒಳಗೆ ಕಾಡಿನಿಂದ ಕಾಡಿಗೆ ಸರಿಯುತ್ತಿದ್ದವರು, ಗಡಿ ಮೂಡಿದ ಮೇಲೆ ಹಿಂದಿನ ಚರಿತ್ರೆಯಲ್ಲಿ ‘ಹೊರಗಿನಿಂದ ಬಂದವರು’ ಎನಿಸಿಕೊಂಡರು. ಪೂರ್ವಜರ ಸಂಕಟವನ್ನು ನೆನೆಯಲು ಹೇಳಿಕೊಂಡು ಬಂದ ಕಥೆಯನ್ನು ಅವರು ಈ ನೆಲದ ಮೂಲ ನಿವಾಸಿಗಳಲ್ಲ ಎಂಬ ವಾದಕ್ಕೆ ಆಧಾರವಾಗಿ ಬಳಸುವುದು ಸಾಧ್ಯವಾದದ್ದು ಹೀಗೆ. ವಲಸೆಯ ಐತಿಹ್ಯಗಳನ್ನು ಸಂಗ್ರಹಿಸುವವರು ಅವುಗಳ ಕಾಲವನ್ನೂ ಆ ಕಾಲದ ರಾಜಕೀಯ ಭೂಗೋಳವನ್ನೂ ಜೊತೆಯಲ್ಲಿಯೇ ಪರಿಶೀಲಿಸಬೇಕಾದ ಅಗತ್ಯವನ್ನು ಇದು ಎತ್ತಿ ತೋರಿಸುತ್ತದೆ.

ಗ್ರಾಮದ ಒಳರಚನೆ

ಕುಣಬಿ ಊರು ಬಯಲುಸೀಮೆಯ ಊರಿನಂತೆ ಬೀದಿಗಳಿರುವ ಒತ್ತಾದ ವಸತಿಯಲ್ಲ. ಕಾಡಿನ ನಡುವೆ ನೀರಿರುವ ಕಡೆ ಕೆಲವೇ ಮನೆಗಳ ‘ವಾಡಾ’ಗಳಾಗಿ ಅದು ಹರಡಿಕೊಂಡಿರುತ್ತದೆ. ಒಂದು ವಾಡಾದಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ನಡೆದು ಹೋಗಬೇಕು. ಹೀಗೆ ಚದುರಿದ ಮನೆಗಳನ್ನು ಒಂದು ಊರನ್ನಾಗಿ ಕಟ್ಟುವುದು ‘ಮಾಂಡ’. ಮಾಂಡವೆಂದರೆ ಊರಿನವರು ಸೇರುವ ಪವಿತ್ರವಾದ ಬಯಲು. ಶಿಗ್ಮೊ ಆಚರಣೆಯ ಮೇಳ ಹೊರಡುವುದು, ಕುಣಿತ ನಡೆಯುವುದು, ಹರಕೆ ಒಪ್ಪಿಸುವುದು ಇಲ್ಲಿಯೇ. ಮಾಂಡದಲ್ಲಿ ನಿಲ್ಲುವುದಕ್ಕೂ ಆರಂಭದ ಕಾರ್ಯಗಳನ್ನು ನೆರವೇರಿಸುವುದಕ್ಕೂ ಪರಂಪರೆಯಿಂದ ಬಂದ ಕ್ರಮವಿರುತ್ತದೆ. ಯಾವ ಮನೆತನ ಮೊದಲು, ಯಾವುದು ನಂತರ ಎಂಬ ಈ ಕ್ರಮವು ಊರು ಕಟ್ಟಿದವರ ಹಿರಿತನವನ್ನು ಸೂಚಿಸುತ್ತದೆ. ಬರೆದಿಟ್ಟ ವಂಶಾವಳಿಯಿಲ್ಲದ ಸಮಾಜದಲ್ಲಿ ಪ್ರತಿ ವರ್ಷವೂ ಊರಿನವರೆಲ್ಲರ ಎದುರು ಮರುಕಳಿಸುವ ಈ ಅನುಕ್ರಮವೇ ವಂಶಾವಳಿಯ ಕೆಲಸವನ್ನು ಮಾಡುತ್ತದೆ. ತಪ್ಪಿದರೆ ತಿದ್ದುವ ಹಿರಿಯರು ಅಲ್ಲಿಯೇ ಇರುತ್ತಾರೆ ಎಂಬುದು ಅದರ ವಿಶ್ವಾಸಾರ್ಹತೆಗೆ ಆಧಾರ.

ಊರಿನ ಮುಖಂಡನನ್ನು ‘ಬುಧವಂತ’ ಎಂದು ಕರೆಯುವ ರೂಢಿಯಿದೆ. ಈ ಪದದಲ್ಲಿ ಬುದ್ಧಿವಂತ, ತಿಳಿದವನು ಎಂಬ ಅರ್ಥವಿದೆ. ಅಧಿಕಾರಕ್ಕಿಂತ ತಿಳಿವಳಿಕೆಯನ್ನು ಮುಂದಿಟ್ಟ ಹೆಸರಿದು. ಗಾಂವಕರ ಎಂಬ ಹೆಸರು ಊರಿನ ಹಿರಿತನವನ್ನು, ಮಿರಾಶಿ ಎಂಬುದು ವಂಶಪರಂಪರೆಯಿಂದ ಬಂದ ಹಕ್ಕನ್ನು, ವೇಳಿಪ ಎಂಬುದು ದೈವಕಾರ್ಯದ ಸಂಬಂಧವನ್ನು ನೆನಪಿಸುತ್ತವೆ. ಒಂದು ಊರಿನ ಅಡ್ಡಹೆಸರುಗಳನ್ನು ಸಾಲಾಗಿ ಬರೆದರೆ ಆ ಊರಿನ ಹಳೆಯ ಆಡಳಿತದ ರೂಪುರೇಷೆಯು ಕಣ್ಣಿಗೆ ಬೀಳುತ್ತದೆ.

ಊರಿನ ಎಲ್ಲೆಯನ್ನು ದೈವಗಳು ಕಾಯುತ್ತವೆ ಎಂಬುದು ನಂಬಿಕೆ. ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಸಾತೇರಿಯು ಗೋವೆಯಲ್ಲಿಯೂ ಅದರ ಗಡಿಸೀಮೆಯಲ್ಲಿಯೂ ವ್ಯಾಪಕವಾದ ಭೂದೇವತೆ. ದೈವದ ಹೆಸರಿನಲ್ಲಿ ಕೊಡಲಿ ಹಾಕದೆ ಉಳಿಸಿಕೊಂಡ ಕಾಡಿನ ತುಣುಕುಗಳು ಸಹ್ಯಾದ್ರಿಯ ಉದ್ದಕ್ಕೂ ಇದ್ದು, ಉತ್ತರ ಕನ್ನಡದ ದೇವರ ಕಾಡುಗಳನ್ನು ಮಾಧವ ಗಾಡ್ಗೀಳರಂಥ ಪರಿಸರ ವಿಜ್ಞಾನಿಗಳೂ ಅಧ್ಯಯನಕ್ಕೆ ಒಳಪಡಿಸಿದ್ದಾರೆ. ವಿಜ್ಞಾನಿಯ ದೃಷ್ಟಿಯಲ್ಲಿ ಇವು ಜೀವವೈವಿಧ್ಯದ ತಾಣಗಳು. ಊರಿನ ಚರಿತ್ರೆಯ ದೃಷ್ಟಿಯಲ್ಲಿ ಇವು ಎಲ್ಲೆಕಲ್ಲುಗಳು.

ಬದುಕಿನ ಆಧಾರ ಕುಮ್ರಿಯಾಗಿತ್ತು. ಬೇಸಿಗೆಯಲ್ಲಿ ಕಾಡಿನ ಒಂದು ಭಾಗವನ್ನು ಸವರಿ, ಒಣಗಿದ ಸೊಪ್ಪು ಸದೆಯನ್ನು ಸುಟ್ಟು, ಮಳೆ ಬಿದ್ದೊಡನೆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯಗಳನ್ನು ಬಿತ್ತಿ, ಒಂದೆರಡು ಬೆಳೆಯ ನಂತರ ಆ ನೆಲವನ್ನು ಹಲವು ವರ್ಷಗಳ ಕಾಲ ಕಾಡಿಗೇ ಬಿಟ್ಟುಕೊಡುವ ಕ್ರಮವಿದು. ಕನ್ನಡದಲ್ಲಿ ಇದನ್ನು ಹಕ್ಕಲು ಬೇಸಾಯವೆಂದೂ ಕರೆಯುತ್ತಾರೆ. ಇದರೊಡನೆ ಮನೆಯ ಹಿತ್ತಿಲಲ್ಲಿ ಗೆಡ್ಡೆ ಗೆಣಸುಗಳನ್ನು ಬೆಳೆಸುವ ಜ್ಞಾನವು ಕುಣಬಿಗಳಲ್ಲಿ ಅಸಾಧಾರಣವಾಗಿ ಬೆಳೆದಿದೆ. ಮುಡ್ಲಿ, ಕೋನ ಮೊದಲಾದ ಅನೇಕ ಬಗೆಗಳು ಅವರ ಹಿತ್ತಿಲುಗಳಲ್ಲಿ ಉಳಿದುಕೊಂಡಿವೆ. ಜೋಯಿಡಾದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಡೆಯುತ್ತ ಬಂದಿರುವ ಗೆಡ್ಡೆ ಗೆಣಸು ಮೇಳವು ಈ ಜ್ಞಾನವನ್ನು ಹೊರಗಿನವರಿಗೂ ಪರಿಚಯಿಸಿದೆ. ಹಿತ್ತಿಲಿನ ಬೆಳೆ ಸ್ಥಿರ, ಕುಮ್ರಿಯ ನೆಲ ಸರದಿಯಂತೆ ಬದಲಾಗುವಂಥದು. ಈ ಸರದಿಯನ್ನು ಒಂದು ಊರಿನ ಎಲ್ಲೆಯ ಒಳಗೆ ನಡೆಸಲು ಯಾವ ಕುಟುಂಬ ಯಾವ ವರ್ಷ ಎಲ್ಲಿ ಎಂಬ ಒಪ್ಪಂದ ಬೇಕು. ಮಾಂಡದ ಸುತ್ತ ಬೆಳೆದ ಗ್ರಾಮವ್ಯವಸ್ಥೆಯ ಆರ್ಥಿಕ ತಳಹದಿಯನ್ನು ಇಲ್ಲಿ ಗುರುತಿಸಬೇಕಾಗುತ್ತದೆ.

ಕುಮ್ರಿಯಿಂದ ಕಾಯ್ದಿಟ್ಟ ಅರಣ್ಯಕ್ಕೆ

1799ರಲ್ಲಿ ಟಿಪ್ಪುವಿನ ಪತನದ ನಂತರ ಕನ್ನಡ ಜಿಲ್ಲೆಯು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಆಡಳಿತಕ್ಕೆ ಸೇರಿತು. 1800-01ರಲ್ಲಿ ಈ ಸೀಮೆಗಳಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಕುಮ್ರಿಯನ್ನು ದಾಖಲಿಸಿದ್ದಾನೆ. ಆರಂಭದಲ್ಲಿ ಸರ್ಕಾರವು ಕುಮ್ರಿಯ ಮೇಲೆ ತೆರಿಗೆ ವಸೂಲು ಮಾಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಹಡಗುಕಟ್ಟೆಗಳಿಗೂ ರೈಲುಮಾರ್ಗಗಳಿಗೂ ತೇಗ ಮೊದಲಾದ ನಾಟಾದ ಬೇಡಿಕೆ ಹೆಚ್ಚಿದಾಗ ಸರ್ಕಾರದ ನೋಟ ಬದಲಾಯಿತು. ಕಾಳಿ ಕೊಳ್ಳದ ಕಾಡುಗಳು ತೇಗಕ್ಕೆ ಹೆಸರಾಗಿದ್ದವು. 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ ಹ್ಯೂ ಕ್ಲೆಗಾರ್ನ್ ಕುಮ್ರಿಯು ಕಾಡಿನ ನಾಶಕ್ಕೆ ಕಾರಣವೆಂದು ವಾದಿಸಿದವರಲ್ಲಿ ಮುಖ್ಯನು. ಆ ದಶಕದಿಂದ ಮುಂದೆ ಕುಮ್ರಿಯ ಮೇಲೆ ನಿರ್ಬಂಧಗಳು ಬಿಗಿಯಾಗುತ್ತ ಹೋದವು. ಕಾಡನ್ನು ದೊಡ್ಡ ಪ್ರಮಾಣದಲ್ಲಿ ಕಡಿದು ಸಾಗಿಸುವ ವ್ಯವಸ್ಥೆಯು ಕಾಡನ್ನು ಸರದಿಯಂತೆ ಬಳಸುವ ಜನರನ್ನು ವಿನಾಶಕರೆಂದು ಕರೆದದ್ದು ಆ ಕಾಲದ ವೈರುಧ್ಯ.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ವರ್ಗಾವಣೆಯಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆಯು ಕಾಡುಗಳನ್ನು ಕಾಯ್ದಿಟ್ಟ ಮತ್ತು ರಕ್ಷಿತ ಅರಣ್ಯಗಳೆಂದು ವಿಂಗಡಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಕಾಯ್ದಿಡುವ ಮುನ್ನ ಜನರ ಹಕ್ಕುಗಳನ್ನು ವಿಚಾರಣೆ ಮಾಡಬೇಕೆಂಬ ವಿಧಿಯು ಅದರಲ್ಲಿತ್ತು. ಆದರೆ ಹಕ್ಕು ಕೇಳಲು ಅವಧಿಯೊಳಗೆ ಅರ್ಜಿ ಬರೆಯಬೇಕು, ಅರ್ಜಿಗೆ ಆಧಾರ ತೋರಿಸಬೇಕು. ಓದುಬರಹ ಬಾರದ, ಕೊಂಕಣಿಯನ್ನಷ್ಟೇ ಬಲ್ಲ ಕಾಡಿನ ಜನರಿಗೆ ಅದು ದೂರದ ಮಾತಾಗಿತ್ತು. ಮೇಲಾಗಿ ಕುಮ್ರಿಯನ್ನು ಹಕ್ಕೆಂದು ಒಪ್ಪದೆ, ಸರ್ಕಾರವು ಬೇಕಾದಾಗ ಹಿಂತೆಗೆದುಕೊಳ್ಳಬಹುದಾದ ರಿಯಾಯಿತಿ ಎಂದು ಪರಿಗಣಿಸಲಾಯಿತು. 1927ರ ಅರಣ್ಯ ಕಾಯ್ದೆಯೂ ಇದೇ ಚೌಕಟ್ಟನ್ನು ಮುಂದುವರಿಸಿತು.

1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗೆಜೆಟಿಯರ್‌ನ ಹದಿನೈದನೆಯ ಸಂಪುಟವು ಕನ್ನಡ ಜಿಲ್ಲೆಯ ಸಮುದಾಯಗಳನ್ನು ವಿವರವಾಗಿ ವರ್ಣಿಸುತ್ತದೆ. ಘಟ್ಟದ ಮೇಲಿನ ಕುಣಬಿ ಪಂಗಡಗಳೂ ಅದರಲ್ಲಿ ಸ್ಥಾನ ಪಡೆದಿವೆ. ಒಂದು ಕಡೆ ಕಂದಾಯ ದಫ್ತರಗಳಿಂದ ಕುಮ್ರಿಯ ನೆಲ ಮರೆಯಾಗುತ್ತಿದ್ದಾಗ ಇನ್ನೊಂದು ಕಡೆ ಜನವರ್ಣನೆಯ ಪುಟಗಳಲ್ಲಿ ಅದೇ ಜನರ ಉಡುಗೆ ಮತ್ತು ರೂಢಿಗಳು ದಾಖಲಾಗುತ್ತಿದ್ದವು. ಅಂದು ಜನರಿಗೆ ಯಾವ ಪ್ರಯೋಜನವನ್ನೂ ತರದ ಆ ಪುಟಗಳಿಗೆ ಇಂದು ಬೇರೊಂದು ಬೆಲೆ ಬಂದಿದೆ. ಅದನ್ನು ಮುಂದೆ ನೋಡಬಹುದು.

ಅಣೆಕಟ್ಟು ಮತ್ತು ಅಭಯಾರಣ್ಯ

1956ರಲ್ಲಿ ಉತ್ತರ ಕನ್ನಡವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ದಾಂಡೇಲಿ ವನ್ಯಜೀವಿಧಾಮವು ಘೋಷಣೆಯಾಯಿತು. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದ ದಾಂಡೇಲಿಯು ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು. ಒಂದೇ ಕಾಡು ಒಂದು ಇಲಾಖೆಗೆ ಬಿದಿರಿನ ಆಕರವೂ ಇನ್ನೊಂದು ಲೆಕ್ಕದಲ್ಲಿ ಪ್ರಾಣಿಗಳ ಧಾಮವೂ ಆಯಿತು.

1970ರ ದಶಕದಲ್ಲಿ ಕಾಳಿ ಜಲವಿದ್ಯುತ್ ಯೋಜನೆಯ ಸೂಪಾ ಅಣೆಕಟ್ಟಿನ ಕಾಮಗಾರಿ ಆರಂಭವಾಗಿ 1980ರ ದಶಕದಲ್ಲಿ ಪೂರ್ಣಗೊಂಡಿತು. 101 ಮೀಟರ್ ಎತ್ತರದ, 332 ಮೀಟರ್ ಉದ್ದದ ಈ ಕಟ್ಟೆಯ ಹಿನ್ನೀರಿನಲ್ಲಿ ಕಾಳಿ ಮತ್ತು ಪಾಂಡರಿ ನದಿಗಳ ಸಂಗಮದ ಬಳಿಯಿದ್ದ ಸೂಪಾ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಸಂತ್ರಸ್ತರಲ್ಲಿ ಅನೇಕರಿಗೆ ರಾಮನಗರದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ತಾಲೂಕಿನ ಮುಖ್ಯಸ್ಥಳ ಜೋಯಿಡಾಕ್ಕೆ ಬಂದಿತು. ಸೂಪಾ ಎಂಬ ಹೆಸರು ಈಗ ಊರಿನದಾಗಿ ಉಳಿಯದೆ ಅಣೆಕಟ್ಟಿನದಾಗಿ ಉಳಿದಿದೆ.

ಭೂಸ್ವಾಧೀನದ ಪರಿಹಾರವು ಆಗ ಜಾರಿಯಲ್ಲಿದ್ದ 1894ರ ಕಾಯ್ದೆಯ ಮೇರೆಗೆ ದಾಖಲೆಯಲ್ಲಿ ಹೆಸರಿದ್ದ ಜಮೀನಿಗೆ ಸಲ್ಲುವಂಥದು. ಗದ್ದೆ, ತೋಟ, ಮನೆಗಳಿಗೆ ಬೆಲೆ ಕಟ್ಟಬಹುದಿತ್ತು. ಸರದಿಯ ಕುಮ್ರಿ ನೆಲ, ಗೆಡ್ಡೆ ಅಗೆಯುವ ಕಾಡು, ದನ ಮೇಯುವ ಜಾಗ, ದೈವದ ಬನ, ಮಾಂಡ ಇವು ಯಾವ ಖಾತೆಯಲ್ಲಿಯೂ ಕುಟುಂಬಗಳ ಹೆಸರಿನಲ್ಲಿ ಇರಲಿಲ್ಲ. ಮನೆಗಳನ್ನು ಬೇರೆಡೆಗೆ ಒಯ್ಯಬಹುದು, ಮಾಂಡವನ್ನು ಒಯ್ಯಲಾಗದು. ಒಂದು ಮಾಂಡಕ್ಕೆ ಸೇರಿದ ಮನೆಗಳು ಬೇರೆ ಬೇರೆ ಕಡೆ ನೆಲೆಸಿದಾಗ ಮನೆತನಗಳ ಅನುಕ್ರಮವನ್ನು ವರ್ಷಕ್ಕೊಮ್ಮೆ ಎಲ್ಲರೆದುರು ಒಪ್ಪಿಸುವ ಸಂದರ್ಭವೇ ತಪ್ಪುತ್ತದೆ. ಸ್ಥಳಾಂತರದಿಂದ ಜಮೀನು ಹೋದಂತೆಯೇ, ಆ ಜಮೀನಿನಲ್ಲಿದ್ದೆವು ಎಂಬುದರ ಸಾಕ್ಷ್ಯವೂ ಹೋಗುತ್ತದೆ.

1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವು ಘೋಷಣೆಯಾಯಿತು. 2007ರಲ್ಲಿ ದಾಂಡೇಲಿ ಮತ್ತು ಅಣಶಿಗಳನ್ನು ಒಗ್ಗೂಡಿಸಿ ಹುಲಿ ಸಂರಕ್ಷಿತ ಪ್ರದೇಶವನ್ನು ರಚಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಿಡಲಾಯಿತು. ಇದರೊಳಗಿನ ಹಳ್ಳಿಗಳಿಂದ ಕುಟುಂಬಗಳು ಪರಿಹಾರ ಪಡೆದು ಸ್ವಯಂಪ್ರೇರಿತವಾಗಿ ಹೊರಹೋಗುವ ಯೋಜನೆ ಜಾರಿಯಲ್ಲಿದೆ. ರಸ್ತೆ, ಶಾಲೆ, ಆಸ್ಪತ್ರೆಗಳಿಲ್ಲದ ವಾಡಾಗಳಿಂದ ಹೊರಹೋಗಲು ಕೆಲವರು ಬಯಸುವುದು ಸಹಜ. ಉಳಿಯಲು ಬಯಸುವವರೂ ಇದ್ದಾರೆ. ಹಕ್ಕು ನಿಶ್ಚಯವಾದ ಮೇಲೆ ಆಯ್ಕೆ ಮಾಡುವುದಕ್ಕೂ, ಹಕ್ಕು ಇನ್ನೂ ನಿಶ್ಚಯವಾಗದಿರುವಾಗ ಆಯ್ಕೆ ಮಾಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಪಂಚಾಯತ ಮತ್ತು ವಾಡಾ

ಮುಂಬಯಿ ಪ್ರಾಂತದಲ್ಲಿ 1920 ಮತ್ತು 1933ರ ಗ್ರಾಮ ಪಂಚಾಯತ ಕಾಯ್ದೆಗಳಿದ್ದವು. ಮೈಸೂರು ರಾಜ್ಯದಲ್ಲಿ 1959ರ ಕಾಯ್ದೆಯೂ ನಂತರ 1983ರ ಮಂಡಲ ಪಂಚಾಯತ ಕಾಯ್ದೆಯೂ ಬಂದವು. ಸಂವಿಧಾನದ 73ನೆಯ ತಿದ್ದುಪಡಿಯ ತರುವಾಯ ರಚನೆಯಾದ 1993ರ ಕರ್ನಾಟಕ ಪಂಚಾಯತ ರಾಜ್ ಅಧಿನಿಯಮವು ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯತವೆಂದು ಗೊತ್ತುಪಡಿಸಿತು. ಉತ್ತರ ಕನ್ನಡವೂ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಕನಿಷ್ಠ 2,500 ಜನಸಂಖ್ಯೆಗೆ ಪಂಚಾಯತ ರಚಿಸಲು ಅವಕಾಶವಿತ್ತಿತು. ಈ ರಿಯಾಯಿತಿಯ ಹೊರತಾಗಿಯೂ ಜೋಯಿಡಾದಲ್ಲಿ ಒಂದು ಗ್ರಾಮ ಪಂಚಾಯತದ ವ್ಯಾಪ್ತಿಯು ಕಾಡಿನ ನಡುವೆ ಬಹುದೂರದವರೆಗೆ ಹರಡಿರುತ್ತದೆ. ಪಂಚಾಯತ ಕಚೇರಿಯಿರುವ ಊರಿಗೆ ಗ್ರಾಮಸಭೆಗೆಂದು ಬರುವುದೇ ದೂರದ ವಾಡಾದವರಿಗೆ ಒಂದು ದಿನದ ಕೆಲಸ.

ಮೀಸಲಾತಿಯಿಂದ ಹೆಂಗಸರೂ ಹಿಂದುಳಿದ ವರ್ಗದವರೂ ಪಂಚಾಯತಗಳಲ್ಲಿ ಸದಸ್ಯರಾಗಲು, ಅಧ್ಯಕ್ಷರಾಗಲು ಸಾಧ್ಯವಾದದ್ದು ದೊಡ್ಡ ಬದಲಾವಣೆ. ಮಾಂಡದ ವ್ಯವಸ್ಥೆಯಲ್ಲಿ ಹಿರಿತನವು ಗಂಡಸರ ಮತ್ತು ಮೂಲ ಮನೆತನಗಳ ಪಾಲಾಗಿತ್ತು. ಆ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಸರಿಯಾಗಲಾರದು. ಆದರೆ ಕಾಡು, ನೀರು, ನೆಲ ಇವುಗಳ ಬಳಕೆಯನ್ನು ಕುರಿತು ತೀರ್ಮಾನಿಸುವ ಅಧಿಕಾರವು ಮಾಂಡದಿಂದ ಪಂಚಾಯತಕ್ಕೆ ವರ್ಗವಾಗಲಿಲ್ಲ. ಅದು ಅದಕ್ಕೂ ಮೊದಲೇ ಅರಣ್ಯ ಇಲಾಖೆಗೆ ಹೋಗಿತ್ತು. ಪಂಚಾಯತಕ್ಕೆ ದೊರೆತದ್ದು ರಸ್ತೆ, ದೀಪ, ಕುಡಿಯುವ ನೀರಿನ ಕೆಲಸಗಳು. ಅವುಗಳಿಗೂ ಅರಣ್ಯ ಭೂಮಿಯಾದಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿಯ ಪ್ರಶ್ನೆ ಎದುರಾಗುತ್ತದೆ. 1996ರಲ್ಲಿ ಬುಡಕಟ್ಟು ಪ್ರದೇಶಗಳ ಗ್ರಾಮಸಭೆಗಳಿಗೆ ವಿಶೇಷಾಧಿಕಾರ ನೀಡಿದ ಕೇಂದ್ರ ಕಾಯ್ದೆಯು ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಅಂತಹ ಅನುಸೂಚಿತ ಪ್ರದೇಶವಿಲ್ಲ.

ಒಂದೇ ಕಾಯ್ದೆ, ಎರಡು ಫಲ

ಸಂಸತ್ತು ಅಂಗೀಕರಿಸಿ 2003ರ ಜನವರಿಯಲ್ಲಿ ಜಾರಿಗೆ ಬಂದ ಅನುಸೂಚಿತ ಜಾತಿ ಮತ್ತು ಪಂಗಡಗಳ ಆದೇಶಗಳ ತಿದ್ದುಪಡಿ ಕಾಯ್ದೆಯು ಈ ಚರಿತ್ರೆಯಲ್ಲಿ ವಿಶೇಷ ಮಹತ್ವದ್ದು. ಈ ಕಾಯ್ದೆಯು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಮಾನ್ಯ ಮಾಡಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ಬಹುಕಾಲ ಕಡೆಗಣಿಸಲ್ಪಟ್ಟಿದ್ದ ಆಫ್ರಿಕಾ ಮೂಲದ ಆ ಜನರಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಾದ ಮನ್ನಣೆ. 2020ರಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಅದು ವಿಸ್ತರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

2003ರ ಅದೇ ಕಾಯ್ದೆಯು ಗೋವೆಯ ಪಟ್ಟಿಗೆ ಕುಣಬಿ, ಗಾವಡಾ ಮತ್ತು ವೇಳಿಪ ಸಮುದಾಯಗಳನ್ನು ಸೇರಿಸಿತು. ಹೀಗೆ ಒಂದೇ ಕಾಯ್ದೆಯು ಜೋಯಿಡಾದ ಕುಣಬಿಗಳ ನೆರೆಯವರಿಗೂ ಗಡಿಯಾಚೆಯ ಬಂಧುಗಳಿಗೂ ಮನ್ನಣೆ ಕೊಟ್ಟಿತು. ಕರ್ನಾಟಕದ ಕುಣಬಿಗಳು ಅದರಿಂದ ಹೊರಗುಳಿದರು. ಗಡಿಯ ಆಚೆ ಪರಿಶಿಷ್ಟ ಪಂಗಡವಾಗಿರುವ ಹೆಸರು ಈಚೆ ಹಾಗಿಲ್ಲ. ಸೋದೆಯ ಅರಸೊತ್ತಿಗೆ ಮುರಿದಾಗ ಮೂಡಿದ ಗಡಿಯು ಈಗ ಹಕ್ಕುಗಳ ಗಡಿಯೂ ಆಗಿದೆ. ಪರಿಶಿಷ್ಟ ಪಂಗಡದ ಪಟ್ಟಿಗೆ ತಮ್ಮನ್ನು ಸೇರಿಸಬೇಕೆಂಬ ಕುಣಬಿಗಳ ಬೇಡಿಕೆಯು ಮುಂದುವರಿದು ಬಂದಿದೆ.

ಈ ಭೇದದ ಪರಿಣಾಮವು ಅರಣ್ಯ ಹಕ್ಕುಗಳ ಕಾಯ್ದೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2006ರ ಡಿಸೆಂಬರಿನಲ್ಲಿ ಅಂಗೀಕಾರವಾದ ಈ ಕಾಯ್ದೆಯು 2005ರ ಡಿಸೆಂಬರ್ 13ಕ್ಕಿಂತ ಮೊದಲು ಸ್ವಾಧೀನದಲ್ಲಿದ್ದ ಅರಣ್ಯ ಭೂಮಿಯ ಹಕ್ಕನ್ನು 4 ಹೆಕ್ಟೇರಿನ ಮಿತಿಗೊಳಪಟ್ಟು ಮಾನ್ಯ ಮಾಡುತ್ತದೆ. ಪರಿಶಿಷ್ಟ ಪಂಗಡದವರು ಅರಣ್ಯವಾಸವನ್ನೂ ಆ ದಿನಾಂಕದ ಮೊದಲಿನ ಸ್ವಾಧೀನವನ್ನೂ ತೋರಿಸಿದರೆ ಸಾಕು. ‘ಇತರ ಪಾರಂಪರಿಕ ಅರಣ್ಯವಾಸಿ’ಗಳು ಇವುಗಳ ಜೊತೆಗೆ ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಕಾಯ್ದೆಯು ಕೇಳುವುದು 75 ವರ್ಷಗಳ ವಾಸವನ್ನು. ಇದೇ ತುಂಡು ಭೂಮಿಯನ್ನು 75 ವರ್ಷಗಳಿಂದ ಉತ್ತಿರಬೇಕೆಂದು ಅದು ಹೇಳುವುದಿಲ್ಲ. ಹಾಗಿದ್ದರೂ 1930ರಲ್ಲಿ ಮುಂಬಯಿ ಪ್ರಾಂತದ ಕಾಯ್ದಿಟ್ಟ ಅರಣ್ಯದೊಳಗಿದ್ದ ಒಂದು ವಾಡಾದ ಕುಟುಂಬಕ್ಕೆ ಯಾವ ಕಂದಾಯ ರಸೀದಿ ಇರಲು ಸಾಧ್ಯ? ಕಾಗದವನ್ನು ಕೊಡದಿದ್ದ ವ್ಯವಸ್ಥೆಯೇ ಈಗ ಕಾಗದವನ್ನು ಕೇಳುತ್ತದೆ.

ನೆನಪು ಸಾಕ್ಷ್ಯವಾಗುವ ಬಗೆ

ಆದರೆ ಈ ಕಾಯ್ದೆಯ ನಿಯಮಗಳನ್ನು ಸೂಕ್ಷ್ಮವಾಗಿ ಓದಿದರೆ ಒಂದು ಮಹತ್ವದ ಅವಕಾಶವು ಕಾಣಸಿಗುತ್ತದೆ. ನಿಯಮಗಳ 13ನೆಯ ನಿಯಮವು ಸರ್ಕಾರಿ ದಾಖಲೆಗಳೊಡನೆ ಬೇರೆ ಬಗೆಯ ಸಾಕ್ಷ್ಯಗಳನ್ನೂ ಪಟ್ಟಿ ಮಾಡಿದೆ. ಮನೆ, ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂತಹ ನೆಲದ ಮೇಲಿನ ಗುರುತುಗಳು, ಹಳೆಯ ದಾಖಲೆಗಳಲ್ಲಿ ಹೆಸರಿರುವ ವ್ಯಕ್ತಿಗಳವರೆಗೆ ಹೋಗುವ ವಂಶಾವಳಿ, ಹಕ್ಕುದಾರರಲ್ಲದ ಹಿರಿಯರ ಬರಹಕ್ಕಿಳಿಸಿದ ಹೇಳಿಕೆ, ರೂಢಿ ಸಂಪ್ರದಾಯಗಳನ್ನು ಕುರಿತು ಮಾನ್ಯ ಸಂಸ್ಥೆಗಳು ಮಾಡಿದ ಅಧ್ಯಯನ ಇವು ಅದರಲ್ಲಿ ಸೇರಿವೆ. ಇಂತಹ ಸಾಕ್ಷ್ಯಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಜೋಡಿಸಿ ಹಕ್ಕು ಕೇಳಬಹುದು. ಅರ್ಜಿಯನ್ನು ಮೊದಲು ಸ್ವೀಕರಿಸಿ, ಅರಣ್ಯ ಹಕ್ಕು ಸಮಿತಿಯ ಮೂಲಕ ಪರಿಶೀಲಿಸಿ ನಿರ್ಣಯ ಮಾಡುವುದು ಗ್ರಾಮಸಭೆಯ ಕೆಲಸ. ನಂತರ ಅದು ಉಪವಿಭಾಗ ಮಟ್ಟದ ಮತ್ತು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗಳಿಗೆ ಹೋಗುತ್ತದೆ. 2012ರ ತಿದ್ದುಪಡಿಯು ದಾಖಲೆಗೆ ಸೇರದ ವಸತಿಗಳನ್ನೂ ಮಜರೆಗಳನ್ನೂ ಗ್ರಾಮ ಪಂಚಾಯತವು ಗುರುತಿಸಿ ಪಟ್ಟಿ ಮಾಡುವಂತೆ ನೋಡಿಕೊಳ್ಳುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲಿರಿಸಿದೆ.

ಈ ಪಟ್ಟಿಯನ್ನು ಕುಣಬಿ ಗ್ರಾಮವ್ಯವಸ್ಥೆಯ ಪಕ್ಕದಲ್ಲಿಟ್ಟು ನೋಡಬೇಕು. ಪವಿತ್ರ ಸ್ಥಳವೆಂದರೆ ಮಾಂಡ ಮತ್ತು ದೈವದ ಬನ. ವಂಶಾವಳಿಯೆಂದರೆ ಮಾಂಡದ ಅನುಕ್ರಮ ಮತ್ತು ಅಡ್ಡಹೆಸರುಗಳು. ಹಿರಿಯರ ಹೇಳಿಕೆಯೆಂದರೆ ಬುಧವಂತನ ನೆನಪು. ಅಧ್ಯಯನವೆಂದರೆ 1883ರ ಗೆಜೆಟಿಯರ್‌ನಿಂದ ಹಿಡಿದು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ‘ಭಾರತದ ಜನ’ ಯೋಜನೆಯವರೆಗಿನ ಬರಹಗಳು. ಒಂದೂವರೆ ಶತಮಾನದ ಕಾಲ ಕಾನೂನಿನ ಹೊರಗಿದ್ದ ಜ್ಞಾನವು ಕಾನೂನಿನ ಒಳಗೆ ಬರಲು ಇಲ್ಲಿ ಬಾಗಿಲು ತೆರೆದಿದೆ.

ಇಂತಹ ಸಂದರ್ಭವು ಕುಣಬಿಗಳಿಗೆ ಮಾತ್ರ ಬಂದದ್ದಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಮಾಯಾ ಜನಾಂಗದ ಕಿಚೆ ಸಮುದಾಯವು 1554ರಲ್ಲಿ, ಸ್ಪೇನಿನ ಆಳ್ವಿಕೆ ಆರಂಭವಾದ ಮೂರು ದಶಕಗಳಲ್ಲಿ, ತನ್ನ ಪೂರ್ವಜರ ಕಥನವನ್ನು ತನ್ನದೇ ಭಾಷೆಯಲ್ಲಿ ರೋಮನ್ ಲಿಪಿಯಲ್ಲಿ ಬರೆದಿಟ್ಟಿತು. ತೋತೋನಿಕಪಾನ್ ಊರಿನ ಹೆಸರಿನಿಂದ ಪ್ರಸಿದ್ಧವಾದ ಆ ಬರಹದಂತಹ ಕೃತಿಗಳನ್ನು ಅಲ್ಲಿ ‘ಹಕ್ಕುಪತ್ರ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಸೃಷ್ಟಿಕಥೆ, ವಲಸೆಯ ದಾರಿ, ಕುಲಗಳ ಹಿರಿತನ ಇವೆಲ್ಲ ಅಲ್ಲಿ ನೆಲದ ಮತ್ತು ಸ್ಥಾನಮಾನದ ಹಕ್ಕಿಗೆ ಆಧಾರಗಳು. ಅದೇ ತೋತೋನಿಕಪಾನ್ ಪುರಸಭೆಯ ವ್ಯಾಪ್ತಿಯಲ್ಲಿ ‘ನಲವತ್ತೆಂಟು ಕಾಂತೋನ್’ಗಳೆಂಬ ಪಾರಂಪರಿಕ ಊರೊಕ್ಕೂಟವು ಸರ್ಕಾರಿ ಪುರಸಭೆಯ ಪಕ್ಕದಲ್ಲಿಯೇ ಕೆಲಸ ಮಾಡುತ್ತ ಸಮುದಾಯದ ಕಾಡನ್ನು ನೋಡಿಕೊಳ್ಳುತ್ತದೆ. ಗ್ವಾಟೆಮಾಲಾದ 2002ರ ಪುರಸಭಾ ಸಂಹಿತೆಯು ಮೂಲನಿವಾಸಿಗಳ ಇಂತಹ ಆಡಳಿತವನ್ನು ಮಾನ್ಯ ಮಾಡಿದೆ. ಮೂಲನಿವಾಸಿಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1989ರ 169ನೆಯ ಒಪ್ಪಂದವನ್ನು ಆ ದೇಶವು 1996ರಲ್ಲಿ ಅನುಮೋದಿಸಿದೆ. ಭಾರತವು ಅದಕ್ಕಿಂತ ಹಳೆಯ 107ನೆಯ ಒಪ್ಪಂದವನ್ನಷ್ಟೇ ಅನುಮೋದಿಸಿದೆ. ಎರಡು ದೇಶಗಳ ಸ್ಥಿತಿಗತಿಗಳು ಬೇರೆ ಬೇರೆ. ಆದರೂ ಪೂರ್ವಜರ ಕಥೆಯನ್ನು ಸಮುದಾಯವೇ ಬರೆದಿಟ್ಟದ್ದರಿಂದ ಅದು ಹಕ್ಕುಪತ್ರವಾಗಿ ಉಳಿಯಿತು ಎಂಬ ಸಂಗತಿಯು ಕುಣಬಿಗಳ ಸಂದರ್ಭದಲ್ಲಿ ನೆನೆಯತಕ್ಕದ್ದು.

ಕರ್ನಾಟಕದ ಜಾನಪದ ಅಧ್ಯಯನವು ಈ ಕಡೆಗೆ ಏಕೆ ಹೆಚ್ಚು ಗಮನ ಹರಿಸಲಿಲ್ಲ ಎಂಬುದಕ್ಕೆ ಕಾರಣಗಳನ್ನು ಊಹಿಸಬಹುದು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದ ವಿದ್ವಾಂಸರ ದುಡಿಮೆಯಿಂದ ಉತ್ತರ ಕನ್ನಡದ ಜಾನಪದ ಸಂಪತ್ತು ಬೆಳಕಿಗೆ ಬಂದಿದೆ. ಕುಣಬಿಗಳ ಮಾತು ಕೊಂಕಣಿಯಾದುದರಿಂದ ಅವರ ಹಾಡುಗಳು ಕನ್ನಡ ಸಂಗ್ರಾಹಕರಿಗೆ ಅಷ್ಟು ಸುಲಭವಾಗಿ ದಕ್ಕುವಂಥವಲ್ಲ. ಗೋವೆಯ ಕೊಂಕಣಿ ವಿದ್ವಾಂಸರಿಗೆ ಅವರು ಗಡಿಯಾಚೆಯವರು. ಕರಾವಳಿಯ ಕೊಂಕಣಿಯನ್ನು ಮುಖ್ಯವಾಗಿ ನೋಡುವವರಿಗೆ ಅವರು ಕಾಡಿನವರು. ಮೂರು ಅಧ್ಯಯನ ಪರಂಪರೆಗಳ ಸಂಧಿಯಲ್ಲಿ ನಿಂತ ಸಮುದಾಯವು ಮೂರರ ಅಂಚಿನಲ್ಲಿಯೂ ಉಳಿಯಿತು. ಹಾಡಿನ ಪಠ್ಯವನ್ನು ಸಂಗ್ರಹಿಸುವಾಗ ಹಾಡುವವರು ಯಾವ ಮಾಂಡದವರು, ಆ ಮಾಂಡಕ್ಕೆ ಯಾವ ಯಾವ ವಾಡಾಗಳು ಸೇರುತ್ತವೆ, ಮನೆತನಗಳ ಅನುಕ್ರಮವೇನು ಎಂಬ ವಿವರಗಳನ್ನು ಬಿಟ್ಟುಬಿಡುವ ರೂಢಿಯೂ ಒಂದು ಕೊರತೆ. ಪಠ್ಯವು ಗ್ರಂಥಾಲಯ ಸೇರುತ್ತದೆ, ಸಾಕ್ಷ್ಯವು ಊರಿನಲ್ಲಿಯೇ ಉಳಿದು ಹಿರಿಯರೊಡನೆ ಅಳಿಯುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳನ್ನು ಸಂಗ್ರಹಿಸಿ ಹೇಳಬಹುದು. ಕಾಳಿ ಕೊಳ್ಳದ ಕುಣಬಿ ಊರು ಮಾಂಡವನ್ನು ಕೇಂದ್ರವಾಗಿಟ್ಟುಕೊಂಡು ನೆಲೆ, ಎಲ್ಲೆ ಮತ್ತು ಹಿರಿತನಗಳನ್ನು ನಿರ್ವಹಿಸಿಕೊಂಡು ಬಂದ ಒಂದು ಆಡಳಿತ ಘಟಕ. ಹದಿನೆಂಟನೆಯ ಶತಮಾನದಲ್ಲಿ ಮೂಡಿದ ರಾಜಕೀಯ ಗಡಿಯು ಈ ಸಮುದಾಯವನ್ನು ಎರಡಾಗಿಸಿತು. ಹತ್ತೊಂಬತ್ತನೆಯ ಶತಮಾನದ ಅರಣ್ಯ ಕಾಯ್ದೆಗಳು ಅದರ ಆರ್ಥಿಕ ತಳಹದಿಯನ್ನೂ, ಇಪ್ಪತ್ತನೆಯ ಶತಮಾನದ ಯೋಜನೆಗಳು ಅನೇಕ ಊರುಗಳ ನೆಲವನ್ನೂ ಕಸಿದವು. ಪಂಚಾಯತ ವ್ಯವಸ್ಥೆಯು ಪ್ರಾತಿನಿಧ್ಯವನ್ನು ತಂದರೂ ಕಾಡಿನ ಮೇಲಿನ ಅಧಿಕಾರವನ್ನು ತರಲಿಲ್ಲ. 2003ರ ಕಾಯ್ದೆಯು ಗಡಿಯಾಚೆಗೆ ಕೊಟ್ಟ ಮನ್ನಣೆ ಈಚೆಗೆ ದೊರೆಯದ ಕಾರಣ 2006ರ ಕಾಯ್ದೆಯ ಮುಂದೆ ಇಲ್ಲಿನ ಕುಣಬಿಗಳು ಮೂರು ತಲೆಮಾರುಗಳ ಲೆಕ್ಕ ಒಪ್ಪಿಸಬೇಕಾಗಿದೆ.

ಆ ಲೆಕ್ಕವು ಅವರ ಬಳಿ ಇದೆ. ಅದು ಇರುವುದು ದಫ್ತರದ ಭಾಷೆಯಲ್ಲಿ ಅಲ್ಲ. ಮಾಂಡಗಳ ಪಟ್ಟಿ, ಪ್ರತಿ ಮಾಂಡಕ್ಕೆ ಸೇರಿದ ವಾಡಾಗಳ ನಕ್ಷೆ, ದೈವದ ಬನಗಳ ಎಲ್ಲೆ, ಮನೆತನಗಳ ಅನುಕ್ರಮ, ಹಿರಿಯರ ಹೇಳಿಕೆ ಇವುಗಳನ್ನು ಊರಿನವರ ಒಪ್ಪಿಗೆಯಿಂದ, ಹೇಳಿದವರ ಹೆಸರು ಮತ್ತು ದಿನಾಂಕಗಳೊಡನೆ ಕನ್ನಡ ಮತ್ತು ಕೊಂಕಣಿ ಎರಡರಲ್ಲಿಯೂ ಬರೆದು, ಒಂದು ಪ್ರತಿಯನ್ನು ಗ್ರಾಮ ಪಂಚಾಯತದಲ್ಲಿ ಇರಿಸುವುದು ವಿಶ್ವವಿದ್ಯಾಲಯಗಳಿಗೂ ಅಕಾಡೆಮಿಗಳಿಗೂ ಸಾಧ್ಯವಾದ ಕೆಲಸ. 1930ರ ಸುಮಾರಿನ ಬದುಕನ್ನು ತಂದೆತಾಯಿಗಳ ಬಾಯಿಂದ ನೇರವಾಗಿ ಕೇಳಿದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಈ ಕೆಲಸಕ್ಕೆ ಉಳಿದಿರುವ ಕಾಲವನ್ನು ಅವರ ಆಯುಷ್ಯದಿಂದಲೇ ಅಳೆಯಬೇಕಾಗಿದೆ.